ಅಮ್ಮನ ಕೈಗೊಂದು ಗಾಳದ ಕೋಲು

(ಪುಣೆಯಲ್ಲಿ ನಮ್ಮ ಮಹಿಳಾ ವೇದಿಕೆಯ ಹವ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಮಾಲಿಕೆಯಲ್ಲಿ ಇದುವರೆಗೆ ಕಸೂತಿ ಆಯಿತು, ತಾರಸಿ ತೋಟ ಆಯಿತು, ಹೋದ ಸಲ ಮಿಲೆಟ್ ಅಡುಗೆಯೂ ಆಯಿತು. ನನ್ನ ವಿಷಯ ಮೀನು ಹಿಡಿಯುವ ಗಾಳದ ಕೋಲು. ಸಸ್ಯಾಹಾರಿ ಗೆಳತಿಯರು ಗಾಬರಿಯಾಗಬೇಡಿ. ಇವತ್ತು ಮೀನು ಹಿಡಿಯುವುದಕ್ಕಿಂತ ಕೋಲು ಆರಿಸುವುದರ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ. ನಾನು ಓದಿದ್ದು ಎಂಟೆಕ್, ಮಾಡುವುದು ಐಟಿ ಕೆಲಸ. ಹಾಗಾಗಿ ನಡುವೆ ಸ್ವಲ್ಪ ಲೆಕ್ಕ ಬರುತ್ತದೆ, ಸಹಿಸಿಕೊಳ್ಳಿ.

ಅಂಗಡಿಯಲ್ಲಿ ಸಿಗುವ ಗಾಳದ ಕೋಲಿಗೆ ಹಿಡಿ, ರೀಲು ಕೂರಿಸುವ ಜಾಗ, ದಾರ ಹಾಯುವ ಬಳೆಗಳು ಎಲ್ಲವೂ ಇರುತ್ತವೆ. ಇವನ್ನೆಲ್ಲ ಕಳಚಿದರೆ ಉಳಿಯುವ ಬರಿಯ ಕೋಲಿಗೆ ಬ್ಲ್ಯಾಂಕ್ ಎನ್ನುತ್ತಾರೆ. ಸ್ವಂತ ಕೋಲು ಕಟ್ಟುವವರು ಮೊದಲು ಬ್ಲ್ಯಾಂಕ್ ಕೊಂಡು, ಉಳಿದದ್ದನ್ನು ತಾವೇ ಅಂಟಿಸಿ, ನೂಲು ಸುತ್ತಿ, ಮೇಲೆ ಎಪಾಕ್ಸಿ ಹಚ್ಚುತ್ತಾರೆ. ಹಿಡಿ ಸರಿಬರದಿದ್ದರೆ ಬದಲಾಯಿಸಬಹುದು, ಬಳೆ ಸರಿಬರದಿದ್ದರೆ ಬಿಚ್ಚಿ ಮತ್ತೆ ಕಟ್ಟಬಹುದು. ಬ್ಲ್ಯಾಂಕಿನ ಸ್ವಭಾವವನ್ನು ಮಾತ್ರ ಬದಲಾಯಿಸಲು ಆಗುವುದಿಲ್ಲ. ಅದಕ್ಕೇ ಆರಿಸುವ ಕೆಲಸ ಮುಖ್ಯ.

ನಮ್ಮ ಮಲೆನಾಡಿನಲ್ಲಿ ಈ ಆಯ್ಕೆಯನ್ನು ಕತ್ತಿ ಹಿಡಿದು ಹೋಗಿ ಮಾಡುತ್ತಿದ್ದರು. ನನ್ನ ಅಮ್ಮ ತೀರ್ಥಹಳ್ಳಿ ಕಡೆಯವರು. ಹುಡುಗಿಯಾಗಿದ್ದಾಗ ವಾಟೆ ಕಡಿದು, ಎಲೆ ಸವರಿ, ತುದಿಗೆ ದಾರ ಕಟ್ಟಿ, ಎರೆಹುಳ ಸಿಕ್ಕಿಸಿ ಹಳ್ಳದ ಬದಿ ಕೂರುತ್ತಿದ್ದರಂತೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳದ ಹುಚ್ಚು ಎಷ್ಟಿತ್ತೆಂದು ಅವರ ಓದುಗರಿಗೆಲ್ಲ ಗೊತ್ತು. ಹೆಂಗಸರಿಗೆ ಈ ಹುಚ್ಚು ಹೊಸದೇನಲ್ಲ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಕುರಿತ ಪುಸ್ತಕವೊಂದು ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿನಲ್ಲಿದೆ. ಬರೆದವರು ಅವರೇ ಹೌದೇ ಎಂಬ ಚರ್ಚೆ ಇದೆ. ಆದರೆ ನಿಮ್ಮ ಕೋಲನ್ನು ನೀವೇ ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ಆ ಪುಸ್ತಕ ವಿವರವಾಗಿ ಹೇಳುತ್ತದೆ.

ಆಮೇಲೆ 19ನೇ ಶತಮಾನದಲ್ಲಿ ಅಮೆರಿಕದವರು ಬಿದಿರನ್ನು ಸೀಳಿ, ಪಟ್ಟಿಗಳನ್ನು ಅಂಟಿಸಿ ಕೋಲು ಮಾಡತೊಡಗಿದರು. ಮೊದಲು ಅವರು ಬಳಸಿದ್ದು ಕಲ್ಕತ್ತ ಬಂದರಿನಿಂದ ಹೋಗುತ್ತಿದ್ದ ನಮ್ಮ ದೇಶದ ಬಿದಿರು. ಅದಕ್ಕೆ ಅವರಿಟ್ಟ ಹೆಸರೇ ಕಲ್ಕತ್ತ ಕೇನ್. ಎರಡನೇ ಮಹಾಯುದ್ಧದ ನಂತರ ಫೈಬರ್ ಗ್ಲಾಸ್ ಬಂತು, 1970ರ ದಶಕದಲ್ಲಿ ಕಾರ್ಬನ್ ಬಂತು. ಈಗಿನ ಬ್ಲ್ಯಾಂಕ್ ಹೆಚ್ಚಾಗಿ ಕಾರ್ಬನ್. ರಾಳ ತುಂಬಿದ ಕಾರ್ಬನ್ ಹಾಳೆಯನ್ನು ಮೊನಚಾದ ಉಕ್ಕಿನ ಸಲಾಕೆಗೆ ಸುತ್ತಿ, ಓವನ್ನಿನಲ್ಲಿ ಬೇಯಿಸಿ, ಸಲಾಕೆ ಎಳೆದು ತೆಗೆಯುತ್ತಾರೆ. ಹಾಗಾಗಿ ಒಳಗೆ ಪೊಳ್ಳು, ವಾಟೆಯ ಹಾಗೆಯೇ.

ನಾನು ಈ ಕೆಲಸಕ್ಕೆ ಇಳಿದದ್ದು ಅಮ್ಮನಿಗಾಗಿ. ಎರಡು ವರ್ಷದ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಪ್ಲೇಟ್ ಹಾಕಿದರು, ಮೂಳೆ ಕೂಡಿತು. ಆದರೆ ಕೈಗೆ ಮೊದಲಿನ ಬಲ ಬರಲಿಲ್ಲ. ಕುಕ್ಕರ್ ಎತ್ತಲು ನನ್ನನ್ನು ಕರೆಯಬೇಕು, ದೋಸೆ ಹಿಟ್ಟಿನ ಪಾತ್ರೆಗೂ ಕರೆಯಬೇಕು. ಕರೆಯುವುದಕ್ಕೆ ಬೇಸರವಾಗಿ ಅವರು ಆ ಕೆಲಸಗಳನ್ನೇ ಬಿಡುತ್ತಾ ಬಂದರು. ನನಗೆ ಭಯವಾಗಿದ್ದು ಅದೇ. ನಮ್ಮ ಪರಿಚಯದವರ ತೋಟದಲ್ಲಿ ಒಂದು ಕೃಷಿ ಹೊಂಡ ಇದೆ. ಅಲ್ಲಿ ಗಾಳ ಹಾಕೋಣ ಬಾ ಅಂದರೆ, "ಈ ಕೈಲಿ ಏನಾಗುತ್ತೆ ಮಾರಾಯ್ತಿ, ನೀ ಹಿಡಿ, ನಾ ನೋಡ್ತೀನಿ" ಎಂದರು. ಅಂಗಡಿಯ ಕೋಲುಗಳನ್ನು ಅವರ ಕೈಗೆ ಕೊಟ್ಟು ನೋಡಿದೆ. ಎಲ್ಲವೂ ತುದಿಭಾರ, ಹಿಂದಿನ ಹಿಡಿ ಮೊಣಕೈ ದಾಟಿ ಪಕ್ಕೆಗೆ ಚುಚ್ಚುತ್ತಿತ್ತು. ಅಂಗಡಿಯವರು ಮಕ್ಕಳ ಕೋಲು ತೋರಿಸಿದರು. ಅಮ್ಮ ಅದನ್ನು ಮುಟ್ಟಲೂ ಇಲ್ಲ.

ಆಗ ಬ್ಲ್ಯಾಂಕಿನ ಕ್ಯಾಟಲಾಗ್ ತೆರೆದೆ. ಅಲ್ಲಿ ಎಲ್ಲೆಲ್ಲೂ ಬಾಸ್, ಬಾಸ್ ಎಂದು ಬರೆದಿರುತ್ತದೆ. ಬಾಸ್ ಎಂದರೆ ಉತ್ತರ ಅಮೆರಿಕದ ಕೆರೆ ಹೊಳೆಗಳ ಮೀನು. ಪುಣೆಯ ಸುತ್ತ ನಮಗೆ ಸಿಗುವುದು ಮರಾಠಿಯವರು ಮರಳ್ ಎನ್ನುವ, ನಮ್ಮ ಕಡೆ ಕುಚ್ಚು ಎನ್ನುವ ಮೀನು, ತಿಲಾಪಿಯಾ, ಕಾಟ್ಲಾ. ಬಾಸ್‌ನಂತೆಯೇ ಕುಚ್ಚು ಕೂಡ ಗಿಡಗಂಟಿಯ ಮರೆಯಲ್ಲಿ ಹೊಂಚುಹಾಕಿ ಹಾರುವ ಮೀನಾದ್ದರಿಂದ ಬಾಸ್ ಕೋಲು ಇಲ್ಲಿಗೂ ಒಗ್ಗುತ್ತದೆ. ಹೆಸರು ಬಿಟ್ಟು ಅದರ ಕೆಳಗಿನ ನಾಲ್ಕು ವಿವರ ಓದಬೇಕು: ಉದ್ದ, ಪವರ್, ಆ್ಯಕ್ಷನ್, ಮತ್ತು ಅದು ತಾಳುವ ದಾರ ಹಾಗೂ ಆಮಿಷದ ತೂಕ.

ಪವರ್ ಎಂದರೆ ಬಾಗಿಸಲು ಎಷ್ಟು ಬಲ ಬೇಕು ಎಂಬುದು. ಲೈಟ್, ಮೀಡಿಯಂ, ಹೆವಿ ಎಂದೆಲ್ಲ ಬರೆದಿರುತ್ತಾರೆ. ಆ್ಯಕ್ಷನ್ ಎಂದರೆ ಎಲ್ಲಿ ಬಾಗುತ್ತದೆ ಎಂಬುದು. ತುದಿಯಲ್ಲಷ್ಟೇ ಬಾಗಿದರೆ ಫಾಸ್ಟ್, ನಡುವಿನವರೆಗೂ ಬಾಗಿದರೆ ಮಾಡರೇಟ್, ಬುಡದವರೆಗೂ ಬಾಗಿದರೆ ಸ್ಲೋ. ಇವೆರಡನ್ನು ಒಂದೇ ಎಂದುಕೊಳ್ಳುವವರು ಬಹಳ. ಹಿಡಿಸೂಡಿಯ ಕಡ್ಡಿಯನ್ನೂ ಹಸಿ ಬೆತ್ತವನ್ನೂ ಬಾಗಿಸಿ ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಜೊಂಡು ತುಂಬಿದ ಕೆರೆಯಲ್ಲಿ ರಬ್ಬರ್ ಕಪ್ಪೆ ಎಸೆದು ಕುಚ್ಚು ಎಳೆಯುವವರು 7 ಅಡಿಯ ಮೀಡಿಯಂ ಹೆವಿ ಅಥವಾ ಹೆವಿ, ಫಾಸ್ಟ್ ಬ್ಲ್ಯಾಂಕ್ ಆರಿಸುತ್ತಾರೆ. ಮೀನು ಬೇರಿಗೆ ಸುತ್ತಿಕೊಳ್ಳುವ ಮೊದಲೇ ಎಳೆದು ತರಬೇಕು, ಅವರ ಆಯ್ಕೆ ಸರಿ. ಆದರೆ ನನ್ನ ಮುಂದಿದ್ದದ್ದು ತೆರೆದ ಹೊಂಡ ಮತ್ತು ಅಮ್ಮನ ಮಣಿಕಟ್ಟು.

ಈಗ ಲೆಕ್ಕ. ಮೀನು ಅರ್ಧ ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತಿದೆ ಎನ್ನಿ. ಕೋಲು ಬಾಗದೆ ನೇರ ನಿಂತರೆ, ಆ ಭಾರ ಕೈಯಿಂದ 1.6 ಮೀಟರ್ ದೂರದಲ್ಲಿ ತೂಗುತ್ತದೆ. ಮಣಿಕಟ್ಟಿನ ಮೇಲೆ ಸುಮಾರು 8 ನ್ಯೂಟನ್ ಮೀಟರ್ ತಿರುಚುಬಲ. ಕೋಲು ಚೆನ್ನಾಗಿ ಬಾಗಿ, ತುದಿ ಕೈಯಿಂದ 1 ಮೀಟರ್ ದೂರಕ್ಕೆ ಬಂದರೆ ಅದು ಸುಮಾರು 5ಕ್ಕೆ ಇಳಿಯುತ್ತದೆ. ಮೀನು ಅದೇ, ಎಳೆತ ಅದೇ, ಕೈಗೆ ಬೀಳುವ ಹೊರೆ ಮಾತ್ರ ಕಡಿಮೆ. ತುಂಬಿದ ಬಿಂದಿಗೆಯನ್ನು ಕೈಚಾಚಿ ಹಿಡಿಯುವುದಕ್ಕೂ ಸೊಂಟಕ್ಕೆ ಆನಿಸಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. ಹೆಚ್ಚು ಗಟ್ಟಿಯಾದ ಕೋಲು ಹೆಚ್ಚು ಸಹಾಯ ಮಾಡುತ್ತದೆ ಎಂದು ನಮಗನ್ನಿಸುತ್ತದೆ. ದುರ್ಬಲ ಕೈಗೆ ಅದು ತಿರುಗುಮುರುಗು. ಆದ್ದರಿಂದ 7 ಅಡಿ ಬಿಟ್ಟು 6 ಅಡಿ 6 ಇಂಚು, ಮೀಡಿಯಂ ಪವರ್, ಮಾಡರೇಟ್ ಆ್ಯಕ್ಷನ್ ಎಂದು ನಿರ್ಧರಿಸಿದೆ.

ಬಾಗುವುದೇ ಬೇಕಾದರೆ ಫೈಬರ್ ಗ್ಲಾಸ್ ಸಾಲದೇ ಎಂದು ನೀವು ಕೇಳಬಹುದು. ಗ್ಲಾಸ್ ಚೆನ್ನಾಗಿ ಬಾಗುತ್ತದೆ, ಪೆಟ್ಟನ್ನೂ ತಾಳುತ್ತದೆ. ಆದರೆ ಅದೇ ಪವರ್‌ಗೆ ತೂಕ ಹೆಚ್ಚು, ಆ ತೂಕವೂ ತುದಿಯ ಕಡೆ. ಮೀನು ಸಿಗುವುದು ದಿನಕ್ಕೆ ಒಂದೆರಡು ಸಲ, ಕೋಲು ಹಿಡಿದು ಕೂರುವುದು ಗಂಟೆಗಟ್ಟಲೆ. ಕಾರ್ಬನ್ನಿನಲ್ಲೂ ಹೈ ಮಾಡ್ಯುಲಸ್ ಎಂಬ ದುಬಾರಿ ವರ್ಗವಿದೆ. ತೂಕಕ್ಕೆ ಹೋಲಿಸಿದರೆ ಬಿಗಿ ಹೆಚ್ಚು, ಗೋಡೆ ತೆಳು, ಕಲ್ಲಿಗೆ ತಾಗಿದರೆ ಸೀಳುವ ಸಂಭವ ಹೆಚ್ಚು. ನಾನು ಮಧ್ಯಮ ದರ್ಜೆಯ ಕಾರ್ಬನ್ ಆರಿಸಿದೆ. ಅದೂ ಎರಡು ತುಂಡಿನದು. ಒಂದೇ ತುಂಡಿನ ಉದ್ದ ಪೊಟ್ಟಣಕ್ಕೆ ಸಾಗಣೆ ಖರ್ಚು ಜಾಸ್ತಿ, ಮೇಲಾಗಿ ಊರಿಗೆ ಹೋಗುವ ಸ್ಲೀಪರ್ ಬಸ್ಸಿನಲ್ಲಿ ಅದನ್ನು ಇಡುವುದೆಲ್ಲಿ?

ಇಲ್ಲೊಂದು ತೊಡಕಿದೆ. ಮೀಡಿಯಂ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿ. ಅಮೆರಿಕದ ಡಾ. ವಿಲಿಯಂ ಹ್ಯಾನ್ನೆಮನ್ ಎಂಬವರು ಇದಕ್ಕೊಂದು ಸುಲಭ ಉಪಾಯ ಕೊಟ್ಟಿದ್ದಾರೆ. ಬ್ಲ್ಯಾಂಕನ್ನು ಅಡ್ಡಲಾಗಿ ಬಿಗಿದು, ತುದಿಗೆ ಚೀಲ ತೂಗುಹಾಕಿ, ಒಂದೊಂದೇ ಪೆನ್ನಿ ನಾಣ್ಯ ಹಾಕುತ್ತಾ ಹೋಗಬೇಕು. ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ತುದಿ ಕೆಳಗಿಳಿದಾಗ ನಿಲ್ಲಿಸಬೇಕು. ನಾಣ್ಯಗಳ ತೂಕದಿಂದ ಪವರ್ ತಿಳಿಯುತ್ತದೆ, ಆಗ ತುದಿ ಎಷ್ಟು ಓರೆಯಾಗಿದೆ ಎಂಬುದರಿಂದ ಆ್ಯಕ್ಷನ್ ತಿಳಿಯುತ್ತದೆ. ಓರೆ ಹೆಚ್ಚಾದಷ್ಟೂ ಫಾಸ್ಟ್. ನಾನು ನಮ್ಮ 5 ರೂಪಾಯಿ ನಾಣ್ಯ ಬಳಸಿದೆ. 2011ರ ಸರಣಿಯ ನಾಣ್ಯ 6 ಗ್ರಾಂ ತೂಗುತ್ತದೆ, ಲೆಕ್ಕ ಸುಲಭ. ಇಲ್ಲಿನ ಹವ್ಯಾಸಿ ಗೆಳೆಯರಿಬ್ಬರು ಒಂದೇ ಉದ್ದದ ಎರಡು ಬ್ಲ್ಯಾಂಕ್ ತಂದುಕೊಟ್ಟಿದ್ದರು, ಎರಡರ ಮೇಲೂ ಮೀಡಿಯಂ ಎಂದೇ ಇತ್ತು. ಊಟದ ಮೇಜಿಗೆ ಬಿಗಿದು ನೋಡಿದರೆ ಒಂದಕ್ಕೆ 52 ನಾಣ್ಯ, ಇನ್ನೊಂದಕ್ಕೆ 67! ಚೀಲಕ್ಕೆ ನಾಣ್ಯ ಹಾಕಿದ್ದು ಅಮ್ಮನೇ, ಎಡಗೈಯಿಂದ. 52ರದ್ದನ್ನು ಇಟ್ಟುಕೊಂಡೆವು.

ಕೊಳ್ಳುವಾಗ ಇನ್ನೆರಡು ಪರೀಕ್ಷೆ ಮಾಡಿ. ಒಂದು, ಕಣ್ಣಿಗೆ ನೇರ ಹಿಡಿದು ನೋಡಿ, ಸೊಟ್ಟ ಇದೆಯೇ ಅಂತ. ಎರಡು, ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಲಿ ಆನಿಸಿ, ನಡುವೆ ಒತ್ತಿ ಬಾಗಿಸುತ್ತಾ ಉರುಳಿಸಿ. ಒಂದು ಕಡೆ ಅದು ತಾನಾಗಿ ಜಿಗಿದು ನಿಲ್ಲುತ್ತದೆ. ಅದಕ್ಕೆ ಸ್ಪೈನ್ ಎನ್ನುತ್ತಾರೆ, ಹಾಳೆಯ ಸುತ್ತು ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಬರುವುದು. ಬಳೆಗಳನ್ನು ಅದರ ನೇರಕ್ಕೇ ಕಟ್ಟಬೇಕೆಂದು ಕೆಲವರು, ಕೋಲು ನೇರವಾಗಿ ಕಾಣುವ ಕಡೆ ಕಟ್ಟಿದರೆ ಸಾಕೆಂದು ಕೆಲವರು. ಜಿಗಿತ ತೀರಾ ಜೋರಾಗಿದ್ದರೆ ಆ ಬ್ಲ್ಯಾಂಕನ್ನೇ ಬಿಡುವುದು ನನ್ನ ಪದ್ಧತಿ.

ನೂಲು ಸುತ್ತುವ ಮೊದಲು ಎಲ್ಲವನ್ನೂ ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ ಅಮ್ಮನ ಕೈಗೆ ಕೊಟ್ಟೆ. ಹಿಡಿಯನ್ನು ದಪ್ಪ ಮಾಡಿದ್ದೆ, ಮುಷ್ಟಿ ಬಿಗಿಯುವ ಶ್ರಮ ಬೇಡವೆಂದು. ಹಿಂಭಾಗವನ್ನು ಎರಡೂ ಕೈಯಿಂದ ಎಸೆಯುವಷ್ಟು ಉದ್ದ, ಪಕ್ಕೆಗೆ ತಾಗದಷ್ಟು ಗಿಡ್ಡ ಮಾಡಿ ಅವರ ಮೊಣಕೈಗೇ ಅಳೆದು ಕತ್ತರಿಸಿದ್ದೆ. ಎರಡು ನಿಮಿಷ ಹಿಡಿದು ನಿಂತರು. "ಇದು ಮುಂದಕ್ಕೆ ಎಳೀತಿಲ್ಲ ಕಣೆ" ಎಂದರು. ಕಳೆದ ಚಳಿಗಾಲದಿಂದ ತಿಂಗಳಿಗೆರಡು ಭಾನುವಾರ ಹೊಂಡಕ್ಕೆ ಹೋಗುತ್ತಿದ್ದೇವೆ. ತಿಲಾಪಿಯಾ ಹಿಡಿಯುತ್ತಾರೆ, ಒಮ್ಮೆ ಕೈಯುದ್ದದ ಕುಚ್ಚನ್ನೂ ಎಳೆದರು. ಕೈ ವಾಸಿಯಾಗಿಲ್ಲ, ಕುಕ್ಕರಿಗೆ ಈಗಲೂ ನನ್ನನ್ನು ಕರೆಯುತ್ತಾರೆ. ಆದರೆ ಶನಿವಾರ ರಾತ್ರಿ ಗೋಧಿ ಹಿಟ್ಟಿನ ಉಂಡೆ ಕಟ್ಟಿ ಡಬ್ಬಿಗೆ ತುಂಬಿಡುವವರು ಅವರೇ.

ಯಾರಿಗಾದರೂ ಆಸೆ ಹುಟ್ಟಿದ್ದರೆ ಮೂರು ಎಚ್ಚರಿಕೆ ಹೇಳಿಬಿಡುತ್ತೇನೆ. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿಯ ಕೆಳಗೆ, ಗುಡುಗು ಮಿಂಚಿನಲ್ಲಿ ಕೋಲು ಎತ್ತಬೇಡಿ. ಕೆರೆ ಅಣೆಕಟ್ಟುಗಳಲ್ಲಿ ಮೀನಿನ ಹಕ್ಕು ಯಾರದ್ದೆಂದು ವಿಚಾರಿಸಿ, ಅನುಮತಿ ಪಡೆದೇ ಗಾಳ ಹಾಕಿ. ಶೃಂಗೇರಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮಗಳಲ್ಲಿ ಅದರ ಯೋಚನೆಯೇ ಬೇಡ. ಇನ್ನೊಂದು, ಮಹಶೀರ್ ಸಿಕ್ಕರೆ ನೀರಿಗೇ ಬಿಟ್ಟುಬಿಡಿ. ದಖ್ಖನಿನ ಮಹಶೀರನ್ನು ಕರ್ನಲ್ ಸೈಕ್ಸ್ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಇದೇ ಪುಣೆಯ ಮುಳಾ-ಮುಠಾ ನದಿಯ ಮೀನಿನಿಂದ. ಇಂದು ಆ ನದಿಯ ಸ್ಥಿತಿ ನಿಮಗೆ ಗೊತ್ತೇ ಇದೆ. ಲೋಣಾವಳದಲ್ಲಿ ಟಾಟಾ ಪವರ್‌ನವರು ದಶಕಗಳಿಂದ ಮಹಶೀರ್ ಮರಿ ಮಾಡಿಸಿ ಬಿಡುತ್ತಿದ್ದಾರೆ.

ಬ್ಲ್ಯಾಂಕ್ ಆರಿಸುವಾಗ ಕ್ಯಾಟಲಾಗ್ ಕೇಳುವುದು, ಯಾವ ಮೀನು ಎಂದು. ಅದರ ಜೊತೆಗೆ ಯಾರ ಕೈ ಎಂದೂ ಕೇಳಿ. ನಿಮ್ಮ ಮನೆಯ ಹಿರಿಯರು ಏನನ್ನಾದರೂ "ನಂಗೆ ಬೇಡ, ನೀನೇ ಮಾಡು" ಅಂದರೆ, ಅದರ ಹಿಡಿ, ಉದ್ದ, ತೂಕ ಅವರ ಕೈಗೆ ಹೊಂದುತ್ತಿದೆಯೇ ಎಂದು ಒಮ್ಮೆ ನೋಡಿ. ಬೇಡವಾದದ್ದು ಕೆಲಸವೋ ಸಲಕರಣೆಯೋ ಆಗ ಗೊತ್ತಾಗುತ್ತದೆ.

ಕೋಲನ್ನು ತಂದಿದ್ದೇನೆ, ಅಮ್ಮನೂ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಹಿಡಿದು ನೋಡುವವರು ಅವರನ್ನೇ ಕೇಳಿ.