ಇಸವಿಯ ಆಚೆಗೆ

ಹೈಸ್ಕೂಲಿನ ಮಕ್ಕಳಿಗೆ ಇತಿಹಾಸವೆಂದರೆ ಬಹುಮಟ್ಟಿಗೆ ಇಸವಿಗಳ ಕಂಠಪಾಠ. ತಕ್ಕೋಲಂ ಕದನ ಯಾವಾಗ? 949. ಒಂದು ಅಂಕ ಬಂತು, ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಯಿತು.

ಅದೇ ಕದನದ ಬಗ್ಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೊಂದು ಮಾತಾಡುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸುದ್ದಿ ಅದರಲ್ಲಿದೆ. ಜೊತೆಗೆ ಇನ್ನೊಂದು ಕಥೆಯೂ ಇದೆ. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಮೆಚ್ಚಿದ ದೊರೆ, ಬೇಕಾದ್ದು ಕೇಳು ಎಂದ. ಅವನು ಹೊನ್ನು ಕೇಳಲಿಲ್ಲ, ಊರು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಿಸಿದ. ನಾಯಿ, ಹಂದಿ ಸೆಣಸುವ ಕೆತ್ತನೆಯ ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು.

ಇದನ್ನು ಕೇಳಿದ ಮಗು ತಾನಾಗಿಯೇ ಪ್ರಶ್ನೆ ಹಾಕುತ್ತದೆ: ಕಲ್ಲು ಬರೆಸಿದವರು ಯಾರು? ಗೆದ್ದವರ ಮಾತನ್ನೇ ನಂಬಬೇಕೆ? ಸೋತವರು ಏನೆಂದರು? ಪ್ರಶ್ನೆ ಹುಟ್ಟಿದ ಮೇಲೆ ಇಸವಿ ನೆನಪಿನಲ್ಲಿ ಉಳಿಯುತ್ತದೆ. ನಿಮ್ಮೂರಿನ ಗುಡಿಯ ಮುಂದೆಯೂ ವೀರಗಲ್ಲೊಂದು ಇರಬಹುದು. ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.