ಪ್ಯಾರಾಸಿಟಮಾಲ್ ವಿಷಬಾಧೆ ಮತ್ತು ರಕ್ತಪರೀಕ್ಷೆ



ಜ್ವರಕ್ಕೂ ಮೈಕೈ ನೋವಿಗೂ ಮನೆಮನೆಯಲ್ಲಿ ಬಳಕೆಯಾಗುವ ಔಷಧ ಪ್ಯಾರಾಸಿಟಮಾಲ್. ಮಿತಿಯಲ್ಲಿ ಸೇವಿಸಿದರೆ ಉಪಕಾರಿಯಾದ ಈ ಮಾತ್ರೆ, ಮಿತಿಮೀರಿದರೆ ಪಿತ್ತಜನಕಾಂಗಕ್ಕೆ ವಿಷವಾಗುತ್ತದೆ. ಇದರ ಅಪಾಯ ಮೊದಲ ದಿನ ಸಾಮಾನ್ಯವಾಗಿ ಗೋಚರಿಸದು. ರೋಗಿಗೆ ವಾಕರಿಕೆಯಷ್ಟೇ ಇರಬಹುದು. ಕೆಲವರಿಗೆ ಅದೂ ಇರುವುದಿಲ್ಲ. ಹಾನಿ ತೀವ್ರವಾಗುವುದು ಮೂರು ನಾಲ್ಕು ದಿನಗಳಲ್ಲಿ. ಅಷ್ಟರಲ್ಲಿ ಚಿಕಿತ್ಸೆಯ ಉತ್ತಮ ಕಾಲ ಕಳೆದುಹೋಗಿರುತ್ತದೆ.

ಕಣ್ಣಿಗೆ ಕಾಣದ ಈ ಅಪಾಯವನ್ನು ಮುಂಚಿತವಾಗಿ ತಿಳಿಸುವುದು ರಕ್ತಪರೀಕ್ಷೆ. ರೂಮ್ಯಾಕ್ ಮತ್ತು ಮ್ಯಾಥ್ಯೂ ಎಂಬ ವೈದ್ಯರು 1975ರಲ್ಲಿ ಇದಕ್ಕಾಗಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಒಂದೇ ಬಾರಿಗೆ ಮಾತ್ರೆ ನುಂಗಿದ ಬಳಿಕ ಕಳೆದ ಗಂಟೆಗಳನ್ನೂ ರಕ್ತದಲ್ಲಿರುವ ಔಷಧದ ಪ್ರಮಾಣವನ್ನೂ ಅದರಲ್ಲಿ ಹೊಂದಿಸಿ ನೋಡಬೇಕು. ಹಲವು ದೇಶಗಳಲ್ಲಿ ರೂಢಿಯಲ್ಲಿರುವ ಚಿಕಿತ್ಸಾರೇಖೆಯು ನಾಲ್ಕನೆಯ ಗಂಟೆಯಲ್ಲಿ ಲೀಟರಿಗೆ 150 ಮಿಲಿಗ್ರಾಂ, ಎಂಟನೆಯ ಗಂಟೆಯಲ್ಲಿ 75 ಮಿಲಿಗ್ರಾಂ. ಅಂದರೆ 100 ಮಿಲಿಗ್ರಾಂ ಎಂಬ ಒಂದೇ ಫಲಿತಾಂಶ ನಾಲ್ಕನೆಯ ಗಂಟೆಯಲ್ಲಿ ರೇಖೆಯ ಕೆಳಗೂ ಎಂಟನೆಯ ಗಂಟೆಯಲ್ಲಿ ಮೇಲೂ ಬೀಳುತ್ತದೆ. ಸೇವಿಸಿದ ವೇಳೆ ತಿಳಿಯದಿದ್ದರೆ ಈ ಅಂಕಿಗೆ ಅರ್ಥವಿಲ್ಲ. ನಾಲ್ಕು ಗಂಟೆಗೆ ಮೊದಲು ತೆಗೆದ ರಕ್ತದಿಂದಲೂ ನಿರ್ಣಯ ಸಾಧ್ಯವಿಲ್ಲ.

ರೇಖೆಯನ್ನು ಮೀರಿದವರಿಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವನ್ನು ಕೊಡುತ್ತಾರೆ. ಎಂಟು ಗಂಟೆಗಳೊಳಗೆ ಆರಂಭಿಸಿದರೆ ಪಿತ್ತಜನಕಾಂಗ ಬಹುಪಾಲು ಉಳಿಯುತ್ತದೆ, ತಡವಾದರೂ ಪ್ರಯೋಜನವುಂಟು. ವರದಿ ಬರುವುದು ವಿಳಂಬವಾಗುವಂತಿದ್ದರೆ ವೈದ್ಯರು ಅದಕ್ಕಾಗಿ ಕಾಯುವುದಿಲ್ಲ.

ಹಾನಿ ಸಂಭವಿಸಿದ ಮೇಲೂ ರಕ್ತವೇ ದಾರಿ ತೋರುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ವೈದ್ಯರು 1989ರಲ್ಲಿ ಪ್ರಕಟಿಸಿದ ಮಾನದಂಡಗಳು ರಕ್ತದ ಆಮ್ಲೀಯತೆ, ಹೆಪ್ಪುಗಟ್ಟಲು ಹಿಡಿಯುವ ಕಾಲ, ಕ್ರಿಯಾಟಿನಿನ್ ಪ್ರಮಾಣ ಮತ್ತು ರೋಗಿಯ ಪ್ರಜ್ಞಾಸ್ಥಿತಿಯನ್ನು ಆಧರಿಸಿವೆ. ಅಂಗಾಂಗ ಕಸಿ ಯಾರಿಗೆ ಅನಿವಾರ್ಯವಾಗಬಹುದೆಂಬುದನ್ನು ಇವು ಸೂಚಿಸುತ್ತವೆ.

ಆದ್ದರಿಂದ ಮನೆಯವರ ಹೊಣೆ ದೊಡ್ಡದು. ರೋಗಿ ಚೆನ್ನಾಗಿರುವಂತೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ಮಾತ್ರೆಯ ಖಾಲಿ ಪಟ್ಟಿಯನ್ನು ಜೊತೆಗೆ ಒಯ್ದು, ನುಂಗಿದ ವೇಳೆಯನ್ನು ಸರಿಯಾಗಿ ಹೇಳಬೇಕು. ಮನೋವ್ಯಥೆಯಿಂದ ನುಂಗಿದ್ದರೆ ನಾಚಿಕೆಯಿಂದಲೋ ಪೊಲೀಸರ ಭಯದಿಂದಲೋ ವೇಳೆಯನ್ನು ಮರೆಮಾಚುವವರುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡಕ್ಕೊಳಗಾದವರೆಂದು ಭಾವಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ವೈದ್ಯರಿಗೆ ನಿಜ ಹೇಳಿದರೆ ರಕ್ತಪರೀಕ್ಷೆಯ ಫಲಿತಾಂಶವನ್ನು ಸರಿಯಾಗಿ ಅರ್ಥೈಸಿ, ಸಕಾಲದಲ್ಲಿ ಚಿಕಿತ್ಸೆ ನೀಡಲು ಸಾಧ್ಯವಾಗುತ್ತದೆ.