ಸಣ್ಣ ಊರುಗಳ ಕಾಯಕವೂ ಸಹಕಾರವೂ

 

ಮಠದ ಮಹೋತ್ಸವವೆಂಬುದು ತೇರು-ತೋರಣಗಳ ಸಂಭ್ರಮವಷ್ಟೇ ಅಲ್ಲ. ಮಠವನ್ನು ಇಷ್ಟು ಕಾಲ ಭಕ್ತಿಯಿಂದ ನಡೆಸಿಕೊಂಡು ಬಂದ ಊರು ಯಾವ ಸ್ಥಿತಿಯಲ್ಲಿರುವದು, ಅಲ್ಲಿಯ ನೇಕಾರನ ಮಗ್ಗ ಆಡುತ್ತಿರುವದೋ ಇಲ್ಲವೋ, ಸಣ್ಣ ಅಂಗಡಿಕಾರನ ಬಾಗಿಲು ತೆರೆದಿರುವದೋ ಇಲ್ಲವೋ ಎಂದು ವಿಚಾರಿಸುವದೂ ಮಹೋತ್ಸವದ ಒಂದು ಅಂಗವೇ ಸರಿ. ದಾಸೋಹದ ಪಂಕ್ತಿಯು ಊರಿನ ಕಾಯಕದಿಂದ ತುಂಬತಕ್ಕದ್ದು. ಕಾಯಕ ಬತ್ತಿದ ಊರಿನಲ್ಲಿ ದಾಸೋಹವು ಬಹುಕಾಲ ನಿಲ್ಲಲಾರದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ತಮ್ಮ ಕಸುಬನ್ನು ಹೆಸರಿನೊಡನೆಯೇ ಹೊತ್ತು ನಡೆದರು. ಹಗ್ಗ ಹೊಸೆದ ಚಂದಯ್ಯ, ದೋಣಿ ನಡೆಯಿಸಿದ ಚೌಡಯ್ಯ, ಮಡಿ ಮಾಡಿದ ಮಾಚಯ್ಯ, ಬುಟ್ಟಿ ಹೆಣೆದ ಕೇತಯ್ಯ—ಇವರೆಲ್ಲರೂ ಅನುಭವಮಂಟಪದಲ್ಲಿ ಸಮಾನರಾಗಿ ಕುಳಿತರೆಂಬುದು ಪರಂಪರೆಯ ಮಾತು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಮಡದಿ ಲಕ್ಕಮ್ಮನು ಅದನ್ನು ತಿರುಗಿ ಚೆಲ್ಲಿ ಬರುವಂತೆ ಹೇಳಿದ ಕಥೆಯನ್ನು ಅರಿಯದವರಿಲ್ಲ. ಬೇಕಾದುದಕ್ಕಿಂತ ಹೆಚ್ಚು ತೆಗೆದುಕೊಳ್ಳದವನಿಗೇ ನೆರೆಯವನು ನಿರ್ಭಯವಾಗಿ ಕೈಗಡ ಕೊಡುವನು. ಈ ನಂಬಿಗೆಯೇ ಸಣ್ಣ ಊರಿನ ನಿಜವಾದ ಬಂಡವಾಳ.

ಸಣ್ಣ ಊರಿನ ಕಸಬುದಾರನಿಗೆ ಕೊರತೆಯಾಗಿರುವದು ಕೈಚಳಕವಲ್ಲ, ಸಕಾಲಕ್ಕೆ ದೊರೆಯುವ ನ್ಯಾಯವಾದ ಪತ್ತು. ಬಿತ್ತುವ ಕಾಲಕ್ಕೆ ಬೀಜವಿಲ್ಲದ ರೈತನೂ, ಹಾಸಿಗೆ ನೂಲಿಲ್ಲದ ನೇಕಾರನೂ ಒಂದೇ ಬಾಗಿಲಿಗೆ ಹೋಗಿ ನಿಲ್ಲುವರು. ಅಲ್ಲಿ ಬಡ್ಡಿಯು ಅಸಲನ್ನು ನುಂಗಿದ ಮೇಲೆ ಮನೆತನವನ್ನೇ ನುಂಗುವದು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ರೊಚ್ಚಿಗೆದ್ದು ಸಾವಕಾರರ ಸಾಲಪತ್ರಗಳನ್ನು ಸುಟ್ಟರು. ಪತ್ರಗಳು ಸುಟ್ಟವು, ಆದರೆ ಮರುವರ್ಷದ ಬೀಜಕ್ಕೆ ಹಣವೆಲ್ಲಿಯದೆಂಬ ಪ್ರಶ್ನೆಯು ಸುಡಲಿಲ್ಲ.

ಆ ಪ್ರಶ್ನೆಗೆ ಅದೇ ಮುಂಬಯಿ ಇಲಾಖೆಯಲ್ಲಿದ್ದ ಕನ್ನಡನಾಡಿನ ಒಂದು ಹಳ್ಳಿಯು ಉತ್ತರ ಕೊಟ್ಟಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಹುಟ್ಟಿದ ಮರುವರ್ಷವೇ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಕೃಷಿ ಪತ್ತಿನ ಸಂಘವು ಸ್ಥಾಪಿತವಾಯಿತು. ದೇಶದ ಪ್ರಥಮ ಕೃಷಿ ಪತ್ತಿನ ಸಂಘವೆಂದು ಅದು ಪ್ರಸಿದ್ಧವಾಗಿರುವದು. ಆ ಕಾಯದೆಯ ಮೂಲತತ್ವವು ಜರ್ಮನಿಯ ರೈಫೈಜನ್ ಮಹಾಶಯನು ತನ್ನ ಹಳ್ಳಿಗಳಲ್ಲಿ ನಡೆಯಿಸಿ ತೋರಿಸಿದ ತತ್ವವೇ. ಹತ್ತು ಮಂದಿ ಕೂಡಿದರೆ ಸಂಘ. ಗ್ರಾಮೀಣ ಸಂಘದಲ್ಲಿ ಸಾಮಾನ್ಯವಾಗಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಬಂದ ಲಾಭವು ಹಂಚಿಕೆಗಲ್ಲ, ಕಾಪುನಿಧಿಗೆ. ನೆರೆಯವನ ಹೊಣೆ ಹೊತ್ತವನು ನೆರೆಯವನ ನಡತೆಯನ್ನೂ ನೋಡಿಕೊಳ್ಳುವನು. ಹೊಲವಿಲ್ಲದವನಿಗೂ ನಡತೆಯೇ ಅಡವಾಗಬಲ್ಲದೆಂಬುದೇ ಇದರ ಮರ್ಮ.

ಆದರೆ 1904ರ ಕಾಯದೆಯು ಪತ್ತಿನ ಸಂಘಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1912ರ ಕಾಯದೆಯು ಕೊಳ್ಳುವ, ಮಾರುವ, ಉತ್ಪಾದಿಸುವ ಸಂಘಗಳಿಗೂ ದಾರಿ ತೆರೆಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿಯನ್ನು ಒಟ್ಟಾಗಿ ಮಾರುವ ಸಂಘವು ನೆಲೆಗೊಂಡಿತು. ಒಬ್ಬೊಬ್ಬನೇ ಅಂಡಿಗೆ ಕಟ್ಟಿಕೊಂಡು ಹೋದರೆ ಪೇಟೆಯವನು ಹೇಳಿದ್ದೇ ಬೆಲೆ; ನೂರು ಜನರ ಹತ್ತಿ ಒಂದೇ ಉಗ್ರಾಣದಿಂದ ಹೊರಟರೆ ಬೆಲೆಯ ಮಾತಿಗೆ ಎರಡು ಬಾಯಿ.

ನೇಕಾರರ ಪಾಡಿಗೂ ಇದೇ ಮದ್ದು. ಇಳಕಲ್ಲಿನ ಸೀರೆಯು ನಾಡಿಗೆಲ್ಲ ಪರಿಚಿತವಾದದ್ದು. 2007ರ ಸುಮಾರಿಗೆ ಅದಕ್ಕೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿರುವದು. ಆದರೆ ಎಲ್ಲಿ ನೇಕಾರನು ನೂಲನ್ನು ಒಬ್ಬನಿಂದ ಉದ್ದರಿಯಾಗಿ ತಂದು, ನೇಯ್ದ ಸೀರೆಯನ್ನು ಅವನಿಗೇ ಅವನ ಬೆಲೆಗೇ ಒಪ್ಪಿಸಬೇಕಾಗುವದೋ, ಅಲ್ಲಿ ಕೀರ್ತಿ ಸೀರೆಯದು, ಲಾಭ ಮತ್ತೊಬ್ಬನದು. ಮಿಲ್ಲಿನ ನೂಲನ್ನು ಸಂಘವು ಸಗಟಾಗಿ ಕೊಂಡು, ಸೀರೆಗೆ ಕೂಡಲೆ ಮುಂಗಡ ಕೊಟ್ಟು, ಮಾರಿದ ಮೇಲೆ ಉಳಿದುದನ್ನು ಲೆಕ್ಕಹಾಕಿ ಕೊಟ್ಟರೆ ಆ ಕಟ್ಟು ಸಡಿಲುವದು.

ಇಳಕಲ್ಲ ಸೀರೆಯಲ್ಲಿಯೇ ಇದಕ್ಕೊಂದು ನಿದರ್ಶನವಿರುವದು. ಅದರ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡನ್ನೂ ಎಳೆಗೆಳೆ ಕೊಂಡಿ ಹಾಕಿ ಜೋಡಿಸುವರು. ಕೊಂಡಿ ತಪ್ಪಿದರೆ ಮೈ ಎಷ್ಟೇ ಗಟ್ಟಿಯಿರಲಿ, ಸೆರಗು ಎಷ್ಟೇ ಸೊಗಸಿರಲಿ, ಸೀರೆಯಾಗಲಾರದು. ದುಡಿಯುವ ಕೈಗೂ ಕೊಳ್ಳುವ ಪೇಟೆಗೂ ನಡುವೆ ಸಂಘವೇ ಆ ಕೊಂಡಿ.

ಸಂಘಗಳೆಲ್ಲವೂ ಬಾಳಿದವೇ? ಇಲ್ಲವೆಂದು ಒಪ್ಪಿಕೊಳ್ಳುವದೇ ಪ್ರಾಮಾಣಿಕತೆ. ಬಲ್ಲಿದರು ತಮ್ಮವರಿಗೇ ಸಾಲ ಕೊಟ್ಟುಕೊಂಡಲ್ಲಿ, ತೆಗೆದುಕೊಂಡವರು ಇದು ಸರಕಾರದ ಹಣವೆಂದು ತಿರುಗಿ ಕೊಡದಿದ್ದಲ್ಲಿ, ಲೆಕ್ಕವನ್ನು ಸಭೆಯಲ್ಲಿ ಓದದೆ ಮುಚ್ಚಿಟ್ಟಲ್ಲಿ ಸಂಘವು ಹೆಸರಿಗಷ್ಟೇ ಉಳಿಯಿತು. ಬಡವರ ಠೇವಣಿಯೂ ಕೆಲವೆಡೆ ಮುಳುಗಿತು. ಅದು ಸಹಕಾರದ ದೋಷವಲ್ಲ, ಸಹಕಾರವನ್ನು ಬಿಟ್ಟುದರ ಫಲ. ಒಬ್ಬನು ತೀರಿಸದ ಸಾಲವೆಂದರೆ ಮತ್ತೊಬ್ಬನಿಗೆ ದೊರೆಯದೆ ಹೋದ ಬೀಜ, ಮತ್ತೊಬ್ಬಳಿಗೆ ದೊರೆಯದೆ ಹೋದ ನೂಲು.

ಇದಕ್ಕೆ ವಿರುದ್ಧವಾಗಿ, 2000-01ರಲ್ಲಿ ಸ್ತ್ರೀಶಕ್ತಿ ಯೋಜನೆಯು ಆರಂಭವಾದಂದಿನಿಂದ ಹಳ್ಳಿಯ ತಾಯಂದಿರು ಸ್ವಸಹಾಯ ಸಂಘಗಳಲ್ಲಿ ಸಣ್ಣ ಮೊತ್ತಗಳನ್ನು ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟು ವಸೂಲು ಮಾಡುತ್ತ ಬಂದಿರುವರು. ರೊಟ್ಟಿಯ, ಹೊಲಿಗೆಯ, ಹೈನಿನ ಸಣ್ಣ ಉದ್ಯಮಗಳು ಹೀಗೆಯೇ ಚಿಗುರುವವು. ಅಕ್ಷರ ಬಾರದವರಿದ್ದರೂ ಎಲ್ಲರ ಕಣ್ಣೆದುರಿಗೆ ಹಣ ಎಣಿಸಿದಲ್ಲಿ ಲೆಕ್ಕವು ತಾನೇ ಶುದ್ಧವಾಗಿರುವದು.

ಆದುದರಿಂದ ಊರಿನ ಮುಂದೆ ಮೂರು ಕರ್ತವ್ಯಗಳಿರುವವು. ಉಳ್ಳವರು ತಮ್ಮ ಉಳಿತಾಯದ ಒಂದು ಪಾಲನ್ನಾದರೂ ಸುವ್ಯವಸ್ಥಿತವಾದ ಊರ ಸಂಘದಲ್ಲಿ ಇಡುವದು. ಮದುವೆ-ಮುಂಜಿ, ಜಾತ್ರೆ-ಅಯ್ಯಾಚಾರಗಳಿಗೆ ಬೇಕಾದ ಸೀರೆ, ಪಾತ್ರೆ, ಬುಟ್ಟಿಗಳನ್ನು ಮೊದಲು ಊರ ಕಸಬುದಾರರಲ್ಲಿ ಕೊಳ್ಳುವದು. ಸಾಲ ಪಡೆದವರು ವಾಯಿದೆಯ ದಿನವನ್ನು ವ್ರತದ ದಿನದಂತೆ ಪಾಲಿಸುವದು. ಮಠವಾದರೋ ಈ ಮೂರಕ್ಕೂ ಸಾಕ್ಷಿಯಾಗಿ ನಿಲ್ಲಬಲ್ಲದು. ಅದರ ಪಡಸಾಲೆಯಲ್ಲಿ ವರ್ಷಕ್ಕೊಮ್ಮೆ ಸಂಘದ ಲೆಕ್ಕವನ್ನು ಸರ್ವರ ಮುಂದೆ ಓದಿದರೆ, ಅದೂ ಒಂದು ಪ್ರವಚನವೇ ಆದೀತು.

ಕಾಯಕವು ಒಬ್ಬೊಬ್ಬನ ಧರ್ಮ. ಕಾಯಕವನ್ನು ಬದುಕಿಸುವದು ಊರಿನ ಧರ್ಮ. ಬರುವ ಮಹೋತ್ಸವದ ಹೊತ್ತಿಗೆ ಈ ಬೀದಿಗಳಲ್ಲಿ ಮುಚ್ಚಿದ ಒಂದು ಮಗ್ಗವಾದರೂ ತಿರುಗಿ ಸದ್ದು ಮಾಡಿದರೆ ಇಂದಿನ ಉತ್ಸವವು ಸಾರ್ಥಕ.